ಕ್ಯಾಂಪರ್ ವ್ಯಾನ್: ತೂಕದ ಮಿತಿ ಏರಿಸೋದಾ, ಹೊರೆ ಇಳಿಸೋದಾ?

ಬ್ರಿಟನ್ನಿನಲ್ಲಿ 3,500 ಕೆಜಿಯ ಮೋಟರ್‌ಹೋಮ್‌ಗೆ (ಮಲಗಲು, ಅಡುಗೆಗೆ ಅನುಕೂಲವಿರುವ ಕ್ಯಾಂಪರ್ ವ್ಯಾನಿನಂಥ ಗಾಡಿ) ಕಾನೂನುಬದ್ಧ ತೂಕದ ಮಿತಿ ಹೆಚ್ಚಿಸಿಕೊಳ್ಳುವುದು ಮಾಮೂಲು. ಆಕ್ಸಲ್‌ಗಳಿಗೆ (ಚಕ್ರಗಳನ್ನು ಹೊರುವ ಅಚ್ಚುಗಳಿಗೆ) ತಾಕತ್ತಿದ್ದರೆ ಬರೀ ಕಾಗದದ ಕೆಲಸ, ಇಲ್ಲವಾದರೆ ಹಿಂದೆ ಏರ್ ಸಸ್ಪೆನ್ಷನ್, ಗಟ್ಟಿ ಟೈರ್. ಆದರೆ 1997ರಿಂದೀಚೆಗೆ ಕಾರ್ ಲೈಸೆನ್ಸ್ ಪಡೆದವರಿಗೆ, ಮಿತಿ 3,500 ಕೆಜಿ ದಾಟಿದರೆ, ಅಲ್ಲಿ ಸಾಮಾನ್ಯವಾಗಿ ಬೇರೆ ಲೈಸೆನ್ಸ್ ಬೇಕಾಗುತ್ತದೆ.

ನಮ್ಮಲ್ಲಿ ಲೈಸೆನ್ಸಿನ ತೊಡಕು ಕಡಿಮೆ, ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ 7,500 ಕೆಜಿವರೆಗೂ ನಡೆಯುತ್ತದೆ. ತೊಡಕಿರುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ: ತಯಾರಕರು ಕೊಟ್ಟ ವಿವರಕ್ಕಿಂತ ಆರ್‌ಸಿ ವಿವರ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಗ್ಯಾರೇಜಿನಲ್ಲಿ ಲೀಫ್ ಸ್ಪ್ರಿಂಗ್ ಸೇರಿಸಿದರೆ ಗಾಡಿ ಕುಗ್ಗುವುದು ನಿಂತೀತು, ಆರ್‌ಸಿಯ ಅಂಕಿ ಏರುವುದಿಲ್ಲ. ಬ್ರೇಕೂ ಹಳೆಯದೇ. ಶಿರಾಡಿ ಘಾಟಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಳಿಯುವಾಗ ಲೆಕ್ಕಕ್ಕೆ ಬರುವುದು ಅದೇ. ಆರ್‌ಸಿಯ ಮಿತಿ ಮೀರಿದ ಹೊರೆಯಲ್ಲಿ ಸಿಕ್ಕಿಬಿದ್ದರೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000.

ಹಾಗಾಗಿ ಗಾಡಿ ಈಗಾಗಲೇ ಇದ್ದರೆ ಹೊರೆ ಇಳಿಸಿ ಎಂದೇ ಹೇಳುತ್ತೇನೆ. ನೂರು ಲೀಟರ್ ನೀರೆಂದರೆ ನೂರು ಕೆಜಿ. ಹಾಸನದಲ್ಲಿ ತುಂಬಿಸಿಕೊಳ್ಳುವುದನ್ನು ಬೆಂಗಳೂರಿನಿಂದಲೇ ಹೊರುವುದೇಕೆ? ತುಂಬಿದ ಮನೆ ಸಿಲಿಂಡರ್ ಸುಮಾರು 30 ಕೆಜಿ. ಸೀಸದ ಬ್ಯಾಟರಿ ಬದಲು ಲಿಥಿಯಂ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಭಾರ ಇಳಿಯುತ್ತದೆ, ದುಬಾರಿ ನಿಜ. ಪೀಣ್ಯದ ಕಡೆ ವೇಬ್ರಿಡ್ಜ್‌ನಲ್ಲಿ ಮನೆಮಂದಿಯೆಲ್ಲ ಕೂತೇ ತೂಗಿಸಿ, ಮುಂದಿನ ಆಕ್ಸಲ್ ಬೇರೆ, ಹಿಂದಿನದು ಬೇರೆ. ಒಟ್ಟು ಸರಿಯಿದ್ದೂ ಹಿಂದಿನದು ಮೀರಿರುವುದುಂಟು.

ಇನ್ನೂ ಕೊಂಡಿಲ್ಲವೇ? ಹೆಚ್ಚು ತೂಕಕ್ಕೆ ಅನುಮೋದನೆಯಿರುವ ಚಾಸಿಯನ್ನೇ ಆರಿಸಿ, ಎಐಎಸ್-124ರಂತೆ (ಮೋಟಾರು ಕ್ಯಾರವಾನ್‌ಗಳ ಭಾರತೀಯ ಮಾನದಂಡ) ಪ್ರಮಾಣೀಕೃತ ಕ್ಯಾರವಾನ್ ಕಟ್ಟುವವರ ಬಳಿಗೇ ಹೋಗಿ.