ಪತ್ರಕರ್ತರ ಯೂನಿಯನ್‌ನ ಒಂದು ದಿನದ ತರಬೇತಿ: ನಾಲ್ಕು ಸ್ಟಾರ್

ಗೆಳೆಯನ ಕಾಟ ತಾಳಲಾರದೆ ಹೋಗಿದ್ದೆ. ಪತ್ರಿಕಾ ನೀತಿಯ ಪಾಠ ಅಂದರೆ ನಿದ್ದೆ ಗ್ಯಾರಂಟಿ ಅಂದುಕೊಂಡಿದ್ದೆ, ಮೊದಲ ಒಂದು ಗಂಟೆ ಹಾಗೇ ಆಯಿತು. ಸ್ವಾಗತ ಭಾಷಣ, ಸ್ಲೈಡು, ಕೀರಲು ಮೈಕು.

ಆಮೇಲೆ ಯೂನಿಯನ್ ಅಧ್ಯಕ್ಷೆ ಮಾತಾಡಿದರು. ಹಳೇ ವರದಿಗಾರ್ತಿ. ಸತ್ಯ, ಧರ್ಮ ಏನೂ ಹೇಳಲಿಲ್ಲ, ನೇರ ಸಂಬಳದಿಂದಲೇ ಶುರು ಮಾಡಿದರು. ಇವತ್ತು ಕೆಲಸ ಇದೆ, ನಾಳೆ ಗೊತ್ತಿಲ್ಲ ಅನ್ನುವ ಹುಡುಗನಿಗೆ 'ಈ ಜಾಹೀರಾತನ್ನೇ ಸುದ್ದಿ ಥರ ಬರೆದುಕೊಡಪ್ಪಾ' ಅಂದರೆ ಅವನು ಯಾವ ಧೈರ್ಯದಲ್ಲಿ ಆಗಲ್ಲ ಅನ್ನಬೇಕು? ಫ್ರಾನ್ಸ್‌ನಲ್ಲಿ 1935ರಿಂದಲೂ ಒಂದು ಕಾನೂನಿದೆಯಂತೆ. ಪತ್ರಿಕೆಯ ಧೋರಣೆ ತೀರಾ ಬದಲಾಗಿ ತನ್ನ ಮನಸ್ಸಾಕ್ಷಿಗೆ ಒಗ್ಗದಿದ್ದರೆ ಪತ್ರಕರ್ತ ಕೆಲಸ ಬಿಡಬಹುದು, ಕೆಲಸದಿಂದ ತೆಗೆದವರಿಗೆ ಸಿಗುವ ಹಾಗೆ ಪರಿಹಾರವೂ ಸಿಗುತ್ತದೆ. ಇಷ್ಟು ವರ್ಷ ಬರೆದುಕೊಂಡಿದ್ದರೂ ನನಗೆ ಇದು ಗೊತ್ತಿರಲಿಲ್ಲ, ನಾಚಿಕೆಯಾಯಿತು.

ಹಾಗಾದರೆ ಸರ್ಕಾರವೇ ನಿಯಮ ಮಾಡಲಿ ಬಿಡಿ ಅಂತ ಒಬ್ಬರು ಎದ್ದರು. ಆಯಮ್ಮ ನಕ್ಕುಬಿಟ್ಟರು. ಅದೇ ಫ್ರಾನ್ಸ್‌ನಲ್ಲಿ 1918ರಲ್ಲಿ, ಯುದ್ಧದ ಸೆನ್ಸಾರ್ ಇರುವಾಗಲೇ, ಪತ್ರಕರ್ತರು ಯೂನಿಯನ್ ಕಟ್ಟಿ ಅದೇ ವರ್ಷ ತಮ್ಮ ನೀತಿಸಂಹಿತೆ ತಾವೇ ಬರೆದುಕೊಂಡರು. ಪೆನ್ನು ಮಂತ್ರಿ ಕೈಗೆ ಕೊಟ್ಟರೆ ಅವರಿಗೆ ಬೇಡವಾದ ಸುದ್ದಿಯೆಲ್ಲ ಅನೈತಿಕವೇ ಅಲ್ವಾ, ಅಂದರು.

ನಾಲ್ಕು ಸ್ಟಾರ್‌ನಲ್ಲಿ ಒಂದೂವರೆ ಮಧ್ಯಾಹ್ನ ಆಡಿಸಿದ ಆಟಕ್ಕೇ ಹೋಗಬೇಕು. ಪ್ರತಿ ಗುಂಪಿಗೂ ಗಲಭೆಯ ಒಂದು ವಿಡಿಯೋ, ಅದನ್ನು ಸುದ್ದಿ ಮಾಡಿ ಹಾಕಲು ಇಪ್ಪತ್ತು ನಿಮಿಷ ಟೈಮು. ಪಕ್ಕದ ಗುಂಪಿನವರು ಆಗಲೇ ಹಾಕಿಬಿಟ್ಟರು ಅಂತ ನಾವೂ ಹತ್ತೇ ನಿಮಿಷಕ್ಕೆ ಹಾಕಿದೆವು. ಆಮೇಲೆ ನೋಡಿದರೆ ವಿಡಿಯೋ ಹಳೆಯದು, ಊರೂ ಬೇರೆ. ಸರಿ, ಈಗ ತಿದ್ದುಪಡಿ ಬರೆಯಿರಿ ಅಂದರು ಅಧ್ಯಕ್ಷೆ. ನಾವು ಜಾಣರು, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಸಾಲು. ಆಗ ಅವರು ಅಂತರರಾಷ್ಟ್ರೀಯ ಪತ್ರಕರ್ತರ ಒಕ್ಕೂಟ 2019ರಲ್ಲಿ ಟ್ಯುನಿಸ್‌ನಲ್ಲಿ ಒಪ್ಪಿದ ನೀತಿಸಂಹಿತೆ ತೆಗೆದು ಓದಿದರು. ಅವಸರ ಅನ್ನುವುದು ಪರಿಶೀಲನೆಗಿಂತ ದೊಡ್ಡದಲ್ಲ. ತಪ್ಪನ್ನು ಬೇಗ, ಪೂರ್ತಿಯಾಗಿ, ಕಣ್ಣಿಗೆ ಕಾಣುವ ಹಾಗೆ ತಿದ್ದಬೇಕು. ನಮ್ಮ ಎರಡು ಸಾಲನ್ನು ಪರದೆ ಮೇಲೆ ಹಾಕಿದಾಗ ಹಿಂದಿನ ಸಾಲಿನವರಿಗೆ ಅದು ಕಾಣಲೇ ಇಲ್ಲ!

ಕೊರತೆ ಇಲ್ಲ ಅಂತಲ್ಲ. ಸುದ್ದಿ ಕೊಟ್ಟವರ ಗುರುತು ಕಾಪಾಡುವ ವಿಷಯಕ್ಕೆ ಕೊಟ್ಟಿದ್ದು ಹದಿನೈದೇ ನಿಮಿಷ, ಫೋನ್ ಕಿತ್ತುಕೊಂಡರೆ ಏನು ಮಾಡಬೇಕು ಅನ್ನುವ ಹೊತ್ತಿಗೆ ಟೈಮು ಮುಗಿಯಿತು. ಯೂನಿಯನ್ ಸದಸ್ಯರಲ್ಲದ ಫ್ರೀಲಾನ್ಸರ್‌ಗಳ ಮೇಲೆ ಮಾನಹಾನಿ ಕೇಸು ಬಿದ್ದರೆ ಯಾರು ನಿಲ್ಲುತ್ತಾರೆ ಅಂತ ಕೇಳಿದೆ, 'ನೋಡೋಣ' ಅಂದರು. ಒಂದು ಸ್ಟಾರ್ ಹೋಗಿದ್ದು ಅಲ್ಲೇ. ಸಂಪಾದಕರು, ಮಾಲೀಕರು ಒಬ್ಬರೂ ಬಂದಿರಲಿಲ್ಲ, ಅವರಿಗೇ ಜಾಸ್ತಿ ಬೇಕಿತ್ತು ಅನ್ನಿ.

ಹೋಗುವವರು ನಿಮ್ಮ ಕೆಲಸದ ಒಪ್ಪಂದದ ಒಂದು ಪ್ರತಿ ಇಟ್ಟುಕೊಂಡು ಹೋಗಿ. ಬಿಡುವಿನಲ್ಲಿ ಅಧ್ಯಕ್ಷೆ ಸಾಲು ಸಾಲಾಗಿ ಓದಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಅಂತ ಹೇಳುತ್ತಾರೆ. ನನ್ನದರಲ್ಲಿ ಮೂರು ಕಡೆ ಗೆರೆ ಎಳೆದರು.