ಲಿಂಕ್‌ನಿಂದ ಮಾಹಿತಿ ಹೆಕ್ಕಲು ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್: ನನ್ನ ರಿವ್ಯೂ

ಲಿಂಕ್‌ನಲ್ಲಿ ಪ್ರಶ್ನೆ ಚಿಹ್ನೆ ಆದಮೇಲೆ ಬರುವ ಮಾಹಿತಿಯನ್ನು (‘?ಊರು=ಮಾಟುಂಗ’ ಅಂತಿದ್ದರೆ ‘ಊರು’ ಹೆಸರು, ‘ಮಾಟುಂಗ’ ಅದರ ವ್ಯಾಲ್ಯೂ) ಜಾವಾಸ್ಕ್ರಿಪ್ಟ್‌ನಲ್ಲಿ ಓದೋಕೆ ಸುಮ್ನೆ ಬೇರೆ ಲೈಬ್ರರಿ (ಇನ್ನೊಬ್ಬರು ಬರೆದಿಟ್ಟ ಕೋಡ್) ಹಾಕಬೇಡಿ. ಬ್ರೌಸರ್ ಜೊತೆಗೇ ಬರುವ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ಸಾಕು. 2018ರ ಹೊತ್ತಿಗೇ ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಲ್ಲದರಲ್ಲೂ ಬಂದಾಗಿದೆ.

ಮುಂಬೈನಲ್ಲಿ ನಮ್ಮ ಕನ್ನಡ ಬಳಗದ ಕಾರ್ಯಕ್ರಮಗಳಿಗೆ ಹೆಸರು ಬರೆಸುವ ಫಾರ್ಮ್ ನಾನು ನೋಡಿಕೊಳ್ಳುತ್ತೇನೆ. ಡೊಂಬಿವಲಿಯವರಿಗೆ ಒಂದು ಲಿಂಕ್, ಠಾಣೆಯವರಿಗೆ ಒಂದು, ಮಾಟುಂಗದವರಿಗೆ ಇನ್ನೊಂದು, ಎಲ್ಲ ವಾಟ್ಸಾಪ್‌ನಲ್ಲೇ ಹೋಗುತ್ತವೆ. ಒತ್ತಿದ ಕೂಡಲೇ ಫಾರ್ಮ್‌ನಲ್ಲಿ ಊರು ತಾನಾಗಿ ತುಂಬಿರಬೇಕು. ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ನಿಂತು ಯಾರು ಟೈಪ್ ಮಾಡುತ್ತಾರೆ, ಅಲ್ವಾ?

ನನಗೆ ತುಂಬಾ ಹಿಡಿಸಿದ್ದು ಇದು ಕನ್ನಡವನ್ನು ನಿಭಾಯಿಸುವ ರೀತಿ. ಊರಿನ ಹೆಸರನ್ನು ನಾವು ಕನ್ನಡದಲ್ಲೇ ಹಾಕುತ್ತೇವೆ. ಲಿಂಕ್ ಒಳಗೆ ಕನ್ನಡದ ಪ್ರತಿ ಅಕ್ಷರ, ದೀರ್ಘ, ಕೊಂಬು, ಸೊನ್ನೆ ಕೂಡ 3 ಬೈಟ್ ಆಗಿ, ಶೇಕಡಾ ಚಿಹ್ನೆಗಳೂ ಸೇರಿ 9 ಕ್ಯಾರೆಕ್ಟರ್ ಆಗುತ್ತದೆ. ‘ಮಾಟುಂಗ’ ಅನ್ನುವ ಪುಟ್ಟ ಹೆಸರಿಗೇ 54! ಆದರೆ ಇದರ ಗೆಟ್ ಫಂಕ್ಷನ್ ಬಳಸಿ ‘ಊರು’ ಕೇಳಿದರೆ ‘ಮಾಟುಂಗ’ ಅಂತಲೇ ನೀಟಾಗಿ ವಾಪಸ್ ಬರುತ್ತದೆ, ನಾವು ಬೇರೆ ಡಿಕೋಡ್ ಮಾಡಬೇಕಿಲ್ಲ. ಒಂದೇ ಹೆಸರಿನಲ್ಲಿ ಎರಡು ಮೂರು ವ್ಯಾಲ್ಯೂ ಇದ್ದರೆ ಎಲ್ಲವನ್ನೂ ಕೊಡುವ ಗೆಟ್‌ಆಲ್ ಇದೆ. ಕೇಳಿದ ಹೆಸರು ಲಿಂಕ್‌ನಲ್ಲಿ ಇಲ್ಲದಿದ್ದರೆ ನಲ್ (ಏನೂ ಇಲ್ಲ ಅಂತ) ಬರುತ್ತದೆ.

ಪ್ಲಸ್ ಚಿಹ್ನೆ ಬಗ್ಗೆ ಮಾತ್ರ ಹುಷಾರು. ಇದು ಪ್ಲಸ್ಸನ್ನು ಖಾಲಿ ಜಾಗ ಅಂತ ಓದುತ್ತದೆ. ಫೋನ್ ನಂಬರಿನ ಮುಂದೆ +91 ಅಂತ ಹಾಗೇ ಬರೆದರೆ ಪ್ಲಸ್ ಹೋಗಿ ಒಂದು ಸ್ಪೇಸ್ ಮತ್ತು 91 ಸಿಗುತ್ತದೆ. ಎಲ್ಲೂ ಎರರ್ ಬರಲ್ಲ, ಅದೇ ಕಷ್ಟ. ಲಿಂಕ್ ಕಟ್ಟುವಾಗಲೂ ಇದನ್ನೇ ಬಳಸಿ ಸೆಟ್ ಮಾಡಿ, ಆಗ ಪ್ಲಸ್ ಸರಿಯಾಗಿ ಕೋಡ್ ಆಗುತ್ತದೆ.

ಇನ್ನೊಂದು, ಪೂರ್ತಿ ವಿಳಾಸವನ್ನು ನೇರವಾಗಿ ಇದರ ಕೈಗೆ ಕೊಡಬೇಡಿ. ಕೊಟ್ಟರೆ ಪ್ರಶ್ನೆ ಚಿಹ್ನೆವರೆಗಿನ ವಿಳಾಸವೆಲ್ಲ ಮೊದಲನೇ ಹೆಸರಿಗೆ ಅಂಟಿಕೊಳ್ಳುತ್ತದೆ, ಆಮೇಲೆ ‘ಊರು’ ಅಂತ ಕೇಳಿದರೆ ಏನೂ ಸಿಗಲ್ಲ. ಮೊದಲು ಯುಆರ್‌ಎಲ್ ಆಬ್ಜೆಕ್ಟ್ ಮಾಡಿ, ಅದರ ಸರ್ಚ್‌ಪ್ಯಾರಮ್ಸ್ ತೆಗೆದುಕೊಳ್ಳಿ. ಬರುವುದೆಲ್ಲ ಸ್ಟ್ರಿಂಗ್, ಅಂದರೆ ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು ಅನ್ನೋದೂ ನೆನಪಿರಲಿ. ಸೀಟು 2 ಇದ್ದಾಗ 1 ಕೂಡಿಸಿದರೆ 21 ಆಗುತ್ತದೆ, ಹಾಗಾಗಿ ಮೊದಲು ನಂಬರ್‌ಗೆ ಬದಲಿಸಿ.

ನನ್ನ ಕಡೆಯಿಂದ 5ಕ್ಕೆ 4.5. ಅರ್ಧ ಕಳೆದಿದ್ದು ಆ ಪ್ಲಸ್ಸಿಗೆ. ಚೌಕ ಕಂಸ ಹಾಕಿ ಒಂದರೊಳಗೆ ಒಂದು ಮಾಹಿತಿ ಕೂರಿಸುವ ಲಿಂಕ್ ನಿಮ್ಮಲ್ಲಿದ್ದರೆ ಇದು ಅದನ್ನು ಬಿಡಿಸಿಕೊಡಲ್ಲ, ಅಂಥವರು ಕ್ಯೂಎಸ್ ಲೈಬ್ರರಿ ಇಟ್ಟುಕೊಳ್ಳಿ.