ಬ್ರೆಡಾ ಬಿಎ.88, ಇಮಾಮ್ ಆರ್‌ಒ.57: ಮಾಡೆಲ್ ಕಟ್ಟಲು ಯಾವುದು?

ಎರಡೂ ಎರಡನೇ ಮಹಾಯುದ್ಧ ಕಾಲದ ಇಟಲಿಯ ಅವಳಿ ಎಂಜಿನ್ ಯುದ್ಧವಿಮಾನಗಳು. ಮರುಭೂಮಿಯ ದೃಶ್ಯ ಬೇಕಿದ್ದರೆ ಬಿಎ.88 ಆರಿಸಿ. ಸಾವಿರ ಅಶ್ವಶಕ್ತಿಯ ಎರಡು ಪಿಯಾಜಿಯೊ ಎಂಜಿನ್, ಇಬ್ಬರು ಸಿಬ್ಬಂದಿ, ಮೂತಿಯಲ್ಲಿ 12.7 ಮಿ.ಮೀ.ನ ಮೂರು ಮೆಷಿನ್ ಗನ್. 1937ರಲ್ಲಿ ವೇಗದ ದಾಖಲೆ ಬರೆದದ್ದು ಮೂಲಮಾದರಿ. ಗನ್ನು, ಸಲಕರಣೆ ಹೇರಿದ ಮೇಲೆ ಅದೇ ವಿಮಾನ ತಿಣುಕಿತು. ಉಕ್ಕಿನ ಕೊಳವೆಗಳ ಚೌಕಟ್ಟೇ ಭಾರ. 1940ರ ಸೆಪ್ಟೆಂಬರ್‌ನಲ್ಲಿ ಲಿಬಿಯಾದಲ್ಲಿ ಮರಳು ತಡೆಯಲು ಫಿಲ್ಟರ್ ಹಾಕಿದರೆ ಎಂಜಿನ್ ವಿಪರೀತ ಕಾದು ಶಕ್ತಿ ಕುಂದಿತು, ವಿಮಾನ ಸಾಕಷ್ಟು ಎತ್ತರಕ್ಕೆ ಏರಲೇ ಇಲ್ಲ. ಕೊನೆಗೆ ಉಪಯುಕ್ತ ಭಾಗಗಳನ್ನು ಕಳಚಿಕೊಂಡು, ಶತ್ರುವನ್ನು ಏಮಾರಿಸಲು ನಿಲ್ದಾಣಗಳಲ್ಲಿ ನಿಲ್ಲಿಸಿದರು. ಅಷ್ಟು ಚೆಂದದ ಮೈಕಟ್ಟಿಗೆ ಆ ಗತಿ ಬರಬಾರದಿತ್ತು. ಹಾಗಾಗಿ ಎಂಜಿನ್ ಇಲ್ಲದ ಖಾಲಿ ಒಡಲನ್ನು ತೋರಿಸಿದರೂ ಚರಿತ್ರೆಗೆ ತಪ್ಪಲ್ಲ.

ಆರ್‌ಒ.57 ಒಬ್ಬನೇ ಪೈಲಟ್‌ನದು: 840 ಅಶ್ವಶಕ್ತಿಯ ಎರಡು ಫಿಯೆಟ್ ಎ.74 ಎಂಜಿನ್, ಎರಡೇ ಗನ್. ಅದರ ‘ಬಿಸ್’ ಎಂಬ ಮಾರ್ಪಡಿಸಿದ ಆವೃತ್ತಿಗೆ ಡೈವ್ ಬ್ರೇಕ್ (ಕೆಳಕ್ಕೆ ಎರಗುವಾಗ ವೇಗ ತಡೆಯುವ ಫಲಕ) ಬೇಕು, ಮರೆಯಬೇಡಿ. ಮೊದಲ ಸಲ ಕಟ್ಟುವವರಿಗೆ ಇದೇ ಸಲೀಸು.